ಡಬ್ಬಿಯ ಮೇಲಿನ ನಾಯಕನನ್ನು ನೋಡಿ ಸೀಡಿ ಕೊಳ್ಳಬೇಡಿ

ಮಾನ್ಯ ಸಂಪಾದಕರೆ,

ಟಿವಿ ಕಾರ್ಟೂನ್ ನಾಯಕ 'ಬೆನ್ ಟೆನ್' ಚಿತ್ರವಿದ್ದ ಆಟದ ಸೀಡಿ ಮನೆಯ ಪ್ಲೇಸ್ಟೇಷನ್‌ನಲ್ಲಿ ಓಡಲಿಲ್ಲ, ಇನ್ನೊಂದು ತಂದರೆ ಒಳಗೆ ಬೇರೆಯೇ ಆಟವಿತ್ತು, ಈ ಕಾರ್ಟೂನ್ ಆಟಗಳೆಲ್ಲ ಬರೀ ಮೋಸ ಎಂದು ಓದುಗರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಸೀಡಿ ಓಡದಿರುವುದು ಒಂದು ತೊಂದರೆ, ಒಳಗೆ ಬೇರೆ ಆಟವಿರುವುದು ಇನ್ನೊಂದು, ಆಟವೇ ಕೆಟ್ಟದಾಗಿರುವುದು ಮತ್ತೊಂದು. ಮೂರಕ್ಕೂ ಕಾರಣ ಬೇರೆ, ಮದ್ದೂ ಬೇರೆ. ತುಮಕೂರಿನಲ್ಲಿ ಹಳೆಯ ಗೇಮ್ ಯಂತ್ರ ಬಿಚ್ಚಿ ಜೋಡಿಸುವ ಕೆಲಸದಲ್ಲಿರುವ ನಾವು ಕೆಲವರು ಸೇರಿ ಇದನ್ನು ಬರೆಯುತ್ತಿದ್ದೇವೆ. ದಸರಾ ರಜೆಗೆ ಮುಂಚೆ ಪ್ರಕಟವಾದರೆ ಮಕ್ಕಳನ್ನು ಕರೆದುಕೊಂಡು ಬಿ.ಎಚ್. ರಸ್ತೆಯ ಅಂಗಡಿಗಳಿಗೆ ಬರುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬಂದೀತು.

ಡಬ್ಬಿಯ ಮೇಲೆ ಕಾಣುವ ಮುಖ ಟಿವಿ ಧಾರಾವಾಹಿಯದು. ಒಳಗಿನ ಆಟ ಮಾಡಿದವರು ಯಾರು, ಯಾವ ಯಂತ್ರಕ್ಕೆ ಮಾಡಿದ್ದು, ಯಾವ ವರ್ಷದ್ದು ಎಂಬುದು ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿರುತ್ತದೆ. ಓದಬೇಕಾದದ್ದು ಅದನ್ನು. ಧಾರಾವಾಹಿ ಚೆನ್ನಾಗಿದೆ, ಆದ್ದರಿಂದ ಆಟವೂ ಚೆನ್ನಾಗಿರುತ್ತದೆ ಎಂದುಕೊಂಡೇ ಬಹುತೇಕರು ದುಡ್ಡು ಕಳೆದುಕೊಳ್ಳುವುದು.

1992ರಲ್ಲಿ ಅಮೆರಿಕದ ಫಾಕ್ಸ್ ವಾಹಿನಿಯಲ್ಲಿ ಶುರುವಾದ ಬ್ಯಾಟ್‌ಮನ್ ಕಾರ್ಟೂನನ್ನೇ ತೆಗೆದುಕೊಳ್ಳಿ. ಅದರಿಂದ 'ದಿ ಅಡ್ವೆಂಚರ್ಸ್ ಆಫ್ ಬ್ಯಾಟ್‌ಮನ್ ಆ್ಯಂಡ್ ರಾಬಿನ್' ಎಂಬ ಒಂದೇ ಹೆಸರಿನಲ್ಲಿ ಹಲವು ಆಟಗಳು ಬಂದವು. ಸೂಪರ್ ನಿಂಟೆಂಡೊ ಎಂಬ ಗೇಮ್ ಯಂತ್ರಕ್ಕೆ 1994ರಲ್ಲಿ ಕೊನಾಮಿ ಮಾಡಿದ್ದು ನಿಧಾನದ ಆಟ. ಹಂತಕ್ಕೆ ತಕ್ಕ ಸಾಮಾನು ಆರಿಸಿಕೊಂಡು ಹೋಗಬೇಕು, ಧಾರಾವಾಹಿಯ ಕತ್ತಲು, ನೆರಳು ಹಾಗೇ ಇಳಿದಿದೆ. ಸೆಗಾ ಜೆನೆಸಿಸ್‌ಗೆ 1995ರಲ್ಲಿ ಕ್ಲಾಕ್‌ವರ್ಕ್ ಟಾರ್ಟಾಯ್ಸ್ ಎಂಬ ತಂಡ ಮಾಡಿದ್ದು ಓಡುತ್ತಾ ಎಸೆಯುತ್ತಾ ಹೋಗುವ, ಉಸಿರು ಬಿಡಲು ಬಿಡದ ಆಟ. ಸೆಗಾ ಸೀಡಿ ಎಂಬ ಯಂತ್ರಕ್ಕೆ ಬಂದದ್ದರಲ್ಲಿ ಮುಖ್ಯವಾಗಿ ಕಾರು, ವಿಮಾನ ಓಡಿಸುವುದು. ನಡುನಡುವೆ ಧಾರಾವಾಹಿಯ ಕಲಾವಿದರದೇ ಧ್ವನಿಯಿರುವ ಹೊಸ ಕಾರ್ಟೂನ್ ತುಣುಕುಗಳು. ಹೆಸರು ಒಂದೇ, ಆಟಗಳು ಬೇರೆ ಬೇರೆ. ಒಂದನ್ನು ಆಡಿ ಮೆಚ್ಚಿದವರು ಇನ್ನೊಂದನ್ನು ತಂದು 'ಇದು ಅದಲ್ಲ' ಎಂದರೆ ತಪ್ಪು ಅವರದೂ ಅಲ್ಲ, ಅಂಗಡಿಯವನದೂ ಅಲ್ಲ. ಆಗ ಒಂದೊಂದು ಯಂತ್ರದ ಶಕ್ತಿ ಒಂದೊಂದು ಥರ, ಹಕ್ಕು ಕೊಂಡವರು ಒಂದೊಂದಕ್ಕೆ ಒಂದೊಂದು ತಂಡಕ್ಕೆ ಕೆಲಸ ಹಂಚುತ್ತಿದ್ದರು.

ಇನ್ನು ಕೆಟ್ಟ ಆಟದ ಮಾತು. ಸೂಪರ್‌ಮ್ಯಾನ್ ಕಾರ್ಟೂನ್ 1996ರಲ್ಲಿ ಶುರುವಾಯಿತು, ಅದನ್ನು ಆಧರಿಸಿ ಟೈಟಸ್ ಕಂಪನಿ 1999ರಲ್ಲಿ ನಿಂಟೆಂಡೊ 64ಕ್ಕೆ ಆಟ ತಂದಿತು. ಆಕಾಶದಲ್ಲಿ ಸಾಲಾಗಿ ತೂಗುವ ಬಳೆಗಳ ಒಳಗೆ ನುಸುಳುತ್ತಾ ಹಾರುವುದೇ ಅದರ ದೊಡ್ಡ ಪಾಲು. ಆ ಯಂತ್ರದ ಮೆಮೊರಿ 4 ಎಂಬಿ. ದೂರದ ಕಟ್ಟಡಗಳನ್ನೆಲ್ಲ ಒಟ್ಟಿಗೆ ಬರೆದು ತೋರಿಸುವಂತೆ ತಂಡದವರಿಗೆ ಆಟವನ್ನು ಕಟ್ಟಲು ಆಗಲಿಲ್ಲ, ಹತ್ತಿರದಲ್ಲೇ ಮಂಜು ಕವಿಸಿಬಿಟ್ಟರು. ಆ ಮಂಜಿಗೆ ಕಥೆಯಲ್ಲೂ ಒಂದು ನೆಪ ಕೊಟ್ಟರು, ಸೂಪರ್‌ಮ್ಯಾನ್‌ನ ಶಕ್ತಿ ಕುಂದಿಸುವ ಕ್ರಿಪ್ಟೊನೈಟ್ ಕಲ್ಲಿನ ಮಂಜು ಅಂತ! ಇಡೀ ಊರು ಖಳನಾಯಕ ಕಟ್ಟಿದ ಸುಳ್ಳು ಲೋಕ ಎಂದೂ ಹೇಳಿದರು. ಹಕ್ಕುದಾರರು ಹಾಕಿದ ಕಟ್ಟುಪಾಡುಗಳಿಂದ ಅಂದುಕೊಂಡಷ್ಟು ಮಾಡಲಾಗಲಿಲ್ಲ ಎಂದು ಟೈಟಸ್‌ನವರು ಆಮೇಲೆ ಹೇಳಿಕೊಂಡರು. ಕಾರಣ ಏನೇ ಇರಲಿ, ಎರಡೂವರೆ ದಶಕದ ಮೇಲೂ ಕೆಟ್ಟ ಆಟದ ಉದಾಹರಣೆ ಕೇಳಿದರೆ ಜನ ಮೊದಲು ಎತ್ತುವುದು ಇದರ ಹೆಸರನ್ನೇ. ಹಾರುವುದು ಸೂಪರ್‌ಮ್ಯಾನ್‌ಗೆ ಸಲೀಸು ಎಂದು ಧಾರಾವಾಹಿ ತೋರಿಸುತ್ತದೆ, ಆಟದಲ್ಲಿ ಮಾತ್ರ ಅದೇ ಅತಿ ಕಷ್ಟದ ಕೆಲಸ.

ಇದಕ್ಕೆ ಎದುರಾಗಿ 2007ರಲ್ಲಿ ಬಂದ 'ಬೆನ್ ಟೆನ್: ಪ್ರೊಟೆಕ್ಟರ್ ಆಫ್ ಅರ್ಥ್' ನೋಡಿ. ಪಿಎಸ್2 (ಅಂದರೆ ಪ್ಲೇಸ್ಟೇಷನ್ 2), ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿ, ನಿಂಟೆಂಡೊದ ವೀ, ಡಿಎಸ್ ಯಂತ್ರಗಳಿಗೆ ಬಂತು. ಅದ್ಭುತ ಆಟವೇನಲ್ಲ, ಕ್ಯಾಮೆರಾ ಆಗಾಗ ಗೋಡೆಗೆ ಮುಖ ಕೊಟ್ಟು ನಿಲ್ಲುತ್ತದೆ. ಆದರೆ ಮಾಡಿದವರು ಧಾರಾವಾಹಿ ನೋಡಿದ್ದರು ಎಂಬುದು ಆಡಿದ ಹತ್ತು ನಿಮಿಷಕ್ಕೆ ಗೊತ್ತಾಗುತ್ತದೆ. ಬೆನ್ ಎಂಬ ಹುಡುಗ ಕೈಗಡಿಯಾರದ ಶಕ್ತಿಯಿಂದ ಬೇರೆ ಗ್ರಹದ ಜೀವಿಗಳ ರೂಪ ತಾಳುವುದೇ ಧಾರಾವಾಹಿಯ ಕಥೆ. ಆ ಗಡಿಯಾರದ ಶಕ್ತಿ ಇಳಿದರೆ ನಾಲ್ಕು ಕೈಯ ದೈತ್ಯ ಪುನಃ ಪುಟ್ಟ ಹುಡುಗನಾಗುತ್ತಾನೆ, ಅದೂ ಹೊಡೆದಾಟದ ನಡುವೆ. ಧಾರಾವಾಹಿಯ ಪೇಚೇ ಇಲ್ಲಿ ಆಟದ ಪೇಚು. ಪಿಎಸ್2ನಲ್ಲಿ ಅಣ್ಣ ತಮ್ಮ ಇಬ್ಬರೂ ಕೂಡಿ ಆಡಬಹುದು. ಆದರೆ ಧಾರಾವಾಹಿಯ ಮೊದಲ ಹತ್ತು ರೂಪಗಳೂ ಆಡಲು ಸಿಗುತ್ತವೆ ಎಂದು ಮಕ್ಕಳಿಗೆ ಮಾತು ಕೊಡಬೇಡಿ. ಸಿಗುವುದು ಫೋರ್ ಆರ್ಮ್ಸ್, ಹೀಟ್‌ಬ್ಲಾಸ್ಟ್, ಎಕ್ಸ್‌ಎಲ್‌ಆರ್8, ಕ್ಯಾನನ್‌ಬೋಲ್ಟ್, ವೈಲ್ಡ್‌ವೈನ್ ಎಂಬ ಐದು. 2008ರ 'ಏಲಿಯನ್ ಫೋರ್ಸ್' ಆಟ ಮುಂದಿನ ಧಾರಾವಾಹಿಯದು, ಅಲ್ಲಿ ಬೆನ್ 15 ವರ್ಷದವನು, ರೂಪಗಳೂ ಹೊಸವು. ಮಗು ನೋಡುವ ಧಾರಾವಾಹಿ ಯಾವುದು ಎಂದು ಮೊದಲು ಕೇಳಿ, ಆಮೇಲೆ ಸೀಡಿ ಹುಡುಕಿ.

2001ರಲ್ಲಿ ಯೂಬಿಸಾಫ್ಟ್ ತಂದ 'ಬ್ಯಾಟ್‌ಮನ್ ವೆಂಜನ್ಸ್'ನಲ್ಲಿ ಕಾರ್ಟೂನಿನಲ್ಲಿ ಬ್ಯಾಟ್‌ಮನ್, ಜೋಕರ್ ಆಗಿದ್ದ ಕೆವಿನ್ ಕಾನ್ರಾಯ್, ಮಾರ್ಕ್ ಹ್ಯಾಮಿಲ್ ಅವರದೇ ಧ್ವನಿ. 2006ರ 'ಟೀನ್ ಟೈಟನ್ಸ್'ನಲ್ಲಿ ಐವರು ನಾಯಕರ ನಡುವೆ ಆಟ ನಡೆದಿರುವಾಗಲೇ ಬದಲಾಯಿಸಿಕೊಳ್ಳಬಹುದು. ಎರಡೂ ಪಿಎಸ್2ಗೆ ಬಂದವು. ಹಳೆಯ ಸೀಡಿ ಕೈಗೆ ಸಿಕ್ಕರೆ ಬಿಡಬೇಡಿ.

ಈಗ ಆ ಓದುಗರ ಎರಡನೆಯ ದೂರು, ಒಳಗೆ ಬೇರೆ ಆಟ ಎಂಬುದು. ಪೇಟೆಯಲ್ಲಿ, ಜಾತ್ರೆಯಲ್ಲಿ '400 ಇನ್ 1' ಎಂದು ಬರೆದ ಅಂಗೈ ಅಗಲದ ಗೇಮ್ ಸಿಗುತ್ತದೆ. ಹಿಂದೆ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿ, ಪಕ್ಕದಲ್ಲಿ ಟಿವಿಗೆ ಹಾಕುವ ವೈರು. ಡಬ್ಬಿಯ ಮೇಲೆ ಬೆನ್ ಟೆನ್, ಸ್ಪೈಡರ್‌ಮ್ಯಾನ್ ಯಾರು ಬೇಕಾದರೂ ಇರಬಹುದು. ಒಳಗಿರುವುದು ಹಳೆಯ 8-ಬಿಟ್ ನಿಂಟೆಂಡೊ ಆಟಗಳ ನಕಲು. ಸ್ವಲ್ಪ ಲೆಕ್ಕ ಹಾಕಿ: ಆ 8-ಬಿಟ್ ಯಂತ್ರವನ್ನು ಅಮೆರಿಕದಲ್ಲಿ 1995ರಲ್ಲಿ ನಿಲ್ಲಿಸಿದರು, ಬೆನ್ ಟೆನ್ ಟಿವಿಗೆ ಬಂದದ್ದು 2005ರ ಕೊನೆಯಲ್ಲಿ. ಆ ಯಂತ್ರಕ್ಕೆ ಹಕ್ಕುದಾರರ ಬೆನ್ ಟೆನ್ ಆಟ ಬಂದಿರಲು ಸಾಧ್ಯವೇ ಇಲ್ಲ. ಇದ್ದರೆ ಯಾವುದೋ ಹಳೆಯ ಆಟದ ನಾಯಕನ ತಲೆ ತೆಗೆದು ಈ ತಲೆ ಅಂಟಿಸಿದ್ದಾರೆ ಎಂದೇ ಅರ್ಥ. ನಿಂಜಾ ಆಮೆಗಳ ಕಾರ್ಟೂನಿನ ಆಟ ಮಾತ್ರ ಆ ಯಂತ್ರಕ್ಕೆ ನಿಜವಾಗಿ ಬಂದಿತ್ತು, 1989ರಲ್ಲಿ, ಕೊನಾಮಿಯಿಂದ. ಅದರ ಎರಡನೆಯ ಹಂತದಲ್ಲಿ ಅಣೆಕಟ್ಟಿನ ಕೆಳಗೆ ಈಜಿ 2 ನಿಮಿಷ 20 ಸೆಕೆಂಡಿನಲ್ಲಿ 8 ಬಾಂಬು ನಿಷ್ಕ್ರಿಯ ಮಾಡಬೇಕು. ಕರೆಂಟು ಹೊಡೆಯುವ ಪಾಚಿಯ ನಡುವೆ ಅದನ್ನು ಗೆದ್ದವರಿಗೆ ನಮ್ಮ ನಮಸ್ಕಾರ. 400 ಎಂಬ ಲೆಕ್ಕವನ್ನೂ ನಂಬಬೇಡಿ, ಒಂದೇ ಆಟ ನಾಲ್ಕಾರು ಹೆಸರಿನಲ್ಲಿ ಪಟ್ಟಿಯ ಉದ್ದಕ್ಕೂ ಕೂತಿರುತ್ತದೆ.

ಇನ್ನೊಂದು ನಕಲು ಇದಕ್ಕಿಂತ ಅಪಾಯದ್ದು. ಕಂಪ್ಯೂಟರಿಗೆ ಅಥವಾ ಪಿಎಸ್2ಗೆ ಎಂದು ಕೊಡುವ ಸೀಡಿ ತಟ್ಟೆಯ ಮೇಲೆ ಕಾರ್ಟೂನ್ ನಾಯಕನ ಚಿತ್ರ, ಒಳಗೆ 2004ರ 'ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್'. ಮುಖ್ಯ ಪಾತ್ರದ ಬಟ್ಟೆ, ಮುಖ ಬದಲಾಯಿಸಿರುತ್ತಾರೆ, ಅಷ್ಟೆ. ಕೊಲೆ, ಬೈಗುಳ, ಕಳ್ಳತನ ಎಲ್ಲ ಹಾಗೇ ಇರುತ್ತದೆ. ಯುರೋಪಿನಲ್ಲಿ ಆ ಆಟಕ್ಕೆ 18 ವರ್ಷದ ಗುರುತು. ಎಂಟು ವರ್ಷದ ಮಗುವಿಗೆ ಕಾರ್ಟೂನ್ ಎಂದು ಕೊಟ್ಟು ಅಡುಗೆಮನೆಗೆ ಹೋಗುವ ಮುಂಚೆ ಐದು ನಿಮಿಷ ಪಕ್ಕದಲ್ಲಿ ಕೂತು ನೋಡಿ.

ಓಡದ ಸೀಡಿಯ ಮಾತಿಗೆ ಬರೋಣ. ನಮ್ಮ ಕೈಗೆ ಹೆಚ್ಚಾಗಿ ಬರುವುದು ಪಿಎಸ್2. ಸೋನಿ ಅದರ ತಯಾರಿಕೆ ನಿಲ್ಲಿಸಿದ್ದು 2013ರ ಹೊತ್ತಿಗೆ, ಜಗತ್ತಿನಲ್ಲಿ 15 ಕೋಟಿಗೂ ಹೆಚ್ಚು ಮಾರಾಟವಾಗಿದ್ದರಿಂದ ಇವತ್ತಿಗೂ ಹಳೆಯದು ಸಿಗುತ್ತದೆ. ಪಿಎಸ್2 ಸೀಡಿಗೂ ಯಂತ್ರಕ್ಕೂ ಪ್ರದೇಶದ ಹೊಂದಾಣಿಕೆ ಇರಬೇಕು. ತಟ್ಟೆಯ ಮೇಲೆ, ಡಬ್ಬಿಯ ಬೆನ್ನಿನ ಮೇಲೆ ಒಂದು ಕೋಡ್ ಇರುತ್ತದೆ. ಎಸ್‌ಎಲ್‌ಇಎಸ್ ಅಥವಾ ಎಸ್‌ಸಿಇಎಸ್ ಎಂದು ಶುರುವಾದರೆ ಯುರೋಪಿನ, ಪಾಲ್ ಎಂಬ ಟಿವಿ ಸಂಕೇತದ ಸೀಡಿ, ನಮ್ಮ ದೇಶದಲ್ಲಿ ಮಾರಿದ ಯಂತ್ರಕ್ಕೆ ಒಗ್ಗುವುದು ಅದೇ. ಎಸ್‌ಎಲ್‌ಯುಎಸ್ ಅಥವಾ ಎಸ್‌ಸಿಯುಎಸ್ ಎಂದಿದ್ದರೆ ಅಮೆರಿಕದ್ದು. ಕೋಡ್ ಅಳಿಸಿಹೋಗಿದ್ದರೆ ಮುಂದಿನ ವಯಸ್ಸಿನ ಗುರುತು ನೋಡಿ. 7, 12 ಎಂದು ಅಂಕಿಯಿದ್ದರೆ ಯುರೋಪಿನದು, ಕಪ್ಪು ಬಿಳುಪು ಚೌಕದಲ್ಲಿ ಇ ಅಥವಾ ಟಿ ಎಂದು ಇಂಗ್ಲಿಷ್ ಅಕ್ಷರವಿದ್ದರೆ ಅಮೆರಿಕದ್ದು. ದುಬೈ, ಅಮೆರಿಕದಿಂದ ನೆಂಟರು ತಂದುಕೊಟ್ಟ ಯಂತ್ರವಿರುವವರು ಮೊದಲು ಯಂತ್ರದ ತಳದ ಚೀಟಿ ಓದಿಕೊಳ್ಳಿ. 120 ವೋಲ್ಟ್ ಎಂದಷ್ಟೇ ಬರೆದಿದ್ದರೆ ನಮ್ಮ 230 ವೋಲ್ಟಿಗೆ ನೇರ ಚುಚ್ಚಬೇಡಿ, ಹೊಗೆ ಬರಲು ಒಂದು ಸೆಕೆಂಡ್ ಸಾಕು.

ಹೊಂದದ ಸೀಡಿ ಹಾಕಿದಾಗ ಕೆಂಪು ಪರದೆ ಬಂದು, ಪ್ಲೇಸ್ಟೇಷನ್ ಸೀಡಿ ಹಾಕಿ ಎನ್ನುತ್ತದೆ. ನಕಲಿ ಸೀಡಿಗೂ ಅದೇ, ಸೀಡಿ ಓದುವ ಲೆನ್ಸ್ ಕಣ್ಣು ಮಂಜಾದರೂ ಅದೇ. ಬೇರ್ಪಡಿಸುವುದು ಹೇಗೆಂದರೆ, ಅದೇ ಪ್ರದೇಶದ ಇನ್ನೊಂದು ಅಸಲಿ ಸೀಡಿ ಹಾಕಿ ನೋಡಿ. ಅದು ಓಡಿದರೆ ದೋಷ ಮೊದಲ ಸೀಡಿಯದು. ಅದೂ ಓಡದಿದ್ದರೆ ಯಂತ್ರದ್ದು. ಪಿಎಸ್2ಗೆ ಎರಡು ಬಗೆಯ ತಟ್ಟೆ ಇರುವುದನ್ನೂ ಗಮನಿಸಿ (ರೂಢಿಯಲ್ಲಿ ಎರಡನ್ನೂ ಸೀಡಿ ಎನ್ನುತ್ತೇವೆ): ತಳ ನೀಲಿಯಾಗಿದ್ದರೆ ಸೀಡಿ, ಬೆಳ್ಳಿ ಬಣ್ಣದ್ದು ಡಿವಿಡಿ. ಎರಡಕ್ಕೂ ಬೇರೆ ಬೇರೆ ಲೇಸರ್ ಕಿರಣ. ನೀಲಿ ಮಾತ್ರ ಓಡುತ್ತಿಲ್ಲ, ಬೆಳ್ಳಿ ಓಡುತ್ತದೆ ಎಂದರೆ ಲೆನ್ಸ್ ಅರ್ಧ ಸೋತಿದೆ. ಅಂಗಡಿಯಲ್ಲಿ ಒಂದೇ ಬಗೆಯ ತಟ್ಟೆ ಹಾಕಿ ತೋರಿಸಿದರೆ ಸುಮ್ಮನೆ ತಲೆ ಆಡಿಸಬೇಡಿ, ಎರಡನ್ನೂ ಹಾಕಿಸಿ.

ಗೀರುಗಳಲ್ಲೂ ಜಾತಿಯಿದೆ. ನಡುವಿನಿಂದ ಅಂಚಿಗೆ ನೇರವಾಗಿ ಬಿದ್ದ ಗೀರನ್ನು ಯಂತ್ರ ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತದೆ. ಸುತ್ತು ಗೀರು, ಅಂದರೆ ಗಾಣದೆತ್ತು ತಿರುಗಿದಂತೆ ತಟ್ಟೆಯ ಸುತ್ತ ಬಿದ್ದದ್ದು, ಒಂದೇ ಜಾಡಿನ ಮಾಹಿತಿಯನ್ನು ಉದ್ದಕ್ಕೂ ಮುಚ್ಚುವುದರಿಂದ ಓದಲಾಗುವುದಿಲ್ಲ. ಅದಕ್ಕೇ ಬಟ್ಟೆಯಲ್ಲಿ ಒರೆಸುವಾಗ ನಡುವಿನಿಂದ ಅಂಚಿಗೆ ಒರೆಸಬೇಕು, ಸುತ್ತಿಸಬಾರದು. ನೀಲಿ ಸೀಡಿಯಲ್ಲಿ ಚಿತ್ರವಿರುವ ಮೇಲ್ಮೈಗೆ ಬಿದ್ದ ಗೀರೇ ಪ್ರಾಣಾಂತಿಕ. 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ಕಿನಲ್ಲಿ ಮಾಹಿತಿಯ ಪದರ ಇರುವುದು ಚಿತ್ರಕ್ಕೆ ತಾಗಿಕೊಂಡೇ. ಡಿವಿಡಿಯಲ್ಲಿ ಅದು ನಡುವೆ, 0.6 ಮಿಲಿಮೀಟರಿನ ಎರಡು ಹಾಳೆಗಳ ಮಧ್ಯೆ ಅವಿತಿರುತ್ತದೆ. ಟ್ಯೂಬ್‌ಲೈಟಿಗೆ ಹಿಡಿದು ನೋಡಿ, ಸೂಜಿಮೊನೆಯಷ್ಟು ಬೆಳಕು ತೂರಿ ಬಂದರೆ ಆ ಜಾಗದಲ್ಲಿ ಪದರ ಹೋಗಿದೆ. ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಅದು ಮರಳಿ ಬರುವುದಿಲ್ಲ.

ಆಮೇಲೆ ಬಂದ ತೆಳ್ಳಗಿನ ಸಣ್ಣ ಪಿಎಸ್2ನಲ್ಲಿ ಯಂತ್ರವೇ ಸೀಡಿಗೆ ಗೀರು ಹಾಕುವುದೂ ಉಂಟು. ಮುಚ್ಚಳ ತೆರೆದು ನೋಡಿದರೆ ಲೆನ್ಸಿಗೆ ಅಂಟಿಕೊಂಡ ಕಾಗದದಷ್ಟು ತೆಳ್ಳಗಿನ ರಿಬ್ಬನ್ ಕೇಬಲ್ ಕಾಣುತ್ತದೆ. ವರ್ಷಗಟ್ಟಲೆ ಹಿಂದೆ ಮುಂದೆ ಮಡಿಸಿಕೊಂಡು ಅದು ನಡುವೆ ಬೆನ್ನು ಎತ್ತಿಕೊಳ್ಳುತ್ತದೆ, ಲೆನ್ಸ್ ಅಂಚಿನ ಕಡೆ ಹೋದಾಗ ತಿರುಗುವ ತಟ್ಟೆಗೆ ಸವರುತ್ತದೆ. ಗಮನಿಸಿದರೆ 'ಸರ್ ಸರ್' ಎಂಬ ಸದ್ದು ಕೇಳುತ್ತದೆ. ಮದ್ದು ಸುಲಭ. ಕರೆಂಟು ತೆಗೆದು, ಕೇಬಲನ್ನು ಕೆಳಕ್ಕೆ ಒತ್ತಿ, ಎತ್ತಿಕೊಂಡ ಕಡೆ ತೆಳ್ಳಗಿನ ಅಂಟುಪಟ್ಟಿ ಹಚ್ಚಿ, ಲೆನ್ಸನ್ನು ಕೈಯಲ್ಲಿ ಕೊನೆತನಕ ಸರಿಸಿ ನೋಡಿ. ಪಟ್ಟಿ ಎಲ್ಲೂ ಸಿಕ್ಕಿಕೊಳ್ಳಬಾರದು, ಕೇಬಲ್ ಬಿಗಿಯಲೂ ಬಾರದು. ಸೀಡಿ ಇಡುವಾಗ ನಡುವಿನ ಗುಬುಟಿಗೆ 'ಟಿಕ್' ಎನ್ನುವತನಕ ಒತ್ತುವುದು ಮಕ್ಕಳಿಗೆ ಕಲಿಸಿ. ಅರ್ಧ ಕೂತ ಸೀಡಿ ಜಾರಿ ಗೀರು ಮಾಡಿಕೊಳ್ಳುತ್ತದೆ.

ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಬರುವ ಯಂತ್ರಗಳಲ್ಲಿ ದೋಷ ಬಹುತೇಕ ಬರೀ ಧೂಳು. ಐಸೊಪ್ರೊಪೈಲ್ ಆಲ್ಕೋಹಾಲ್ ಎರಡು ಹನಿ, ಹತ್ತಿ ಸುತ್ತಿದ ಕಡ್ಡಿ, ಇಷ್ಟು ಸಾಕು. ಲೆನ್ಸ್ ಕೂದಲಿನಂಥ ತಂತಿಗಳ ಮೇಲೆ ತೂಗಿಕೊಂಡಿರುತ್ತದೆ, ಒತ್ತಿದರೆ ಕೂತುಬಿಡುತ್ತದೆ. ಕಾಡಿಗೆ ತೀಡಿದಷ್ಟು ಹಗುರವಾಗಿ ಒಂದು ಸುತ್ತು ಸವರಿ, ಐದು ನಿಮಿಷ ಆರಲು ಬಿಟ್ಟು ಸೀಡಿ ಹಾಕಿ. ಸೆಂಟು, ಸ್ಪಿರಿಟ್ಟು, ಬಾಯಿಯ ಆವಿ ಬೇಡ. ಲೆನ್ಸಿನ ಪಕ್ಕದಲ್ಲಿ ಪುಟ್ಟ ತಿರುಪೊಂದಿದೆ. ಅದನ್ನು ತಿರುಗಿಸಿ ಲೇಸರಿಗೆ ಹೆಚ್ಚು ಕರೆಂಟು ಕೊಟ್ಟು 'ರಿಪೇರಿ ಆಯ್ತು' ಎನ್ನುವವರಿದ್ದಾರೆ. ಕೆಲವು ವಾರ ಚೆನ್ನಾಗಿ ಓಡಿ ಆಮೇಲೆ ಪೂರ್ತಿ ಸಾಯುತ್ತದೆ. ಲೆನ್ಸ್ ನಿಜಕ್ಕೂ ಹೋಗಿದ್ದರೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹೊಸದನ್ನು ಕೇಳಿ, ಸಣ್ಣ ಪಿಎಸ್2ಗೆ ಹೆಚ್ಚಾಗಿ ಬಳಸುವುದು ಪಿವಿಆರ್-802ಡಬ್ಲ್ಯು. ಹಳೆಯ ಲೆನ್ಸಿನ ಮೇಲಿನ ನಂಬರನ್ನು ಫೋಟೊ ತೆಗೆದುಕೊಂಡೇ ಬಸ್ಸು ಹತ್ತಿ. ಕೆಲವು ಹೊಸ ಲೆನ್ಸಿನಲ್ಲಿ ಸ್ಥಿರ ವಿದ್ಯುತ್ತಿನಿಂದ ಕಾಪಾಡಲು ಎರಡು ಬಿಂದುಗಳನ್ನು ಬೆಸೆದಿರುತ್ತಾರೆ, ಆ ಸೋಲ್ಡರ್ ಚುಕ್ಕೆ ತೆಗೆಯದೆ ಜೋಡಿಸಿದರೆ ಹೊಸ ಲೆನ್ಸೂ ಓದದು. 'ಹೊಸದೂ ಸತ್ತಿದೆ' ಎಂದು ವಾಪಸು ಬರುವುದರಲ್ಲಿ ಹಲವು ಇಂಥವು.

ಆಟ ಲೋಡ್ ಆಗುವಾಗಲೇ ಯಂತ್ರ ಆರಿ ಹತ್ತುತ್ತದೆಯೆ? ಸಣ್ಣ ಪಿಎಸ್2ಗಳಲ್ಲಿ ಮಾದರಿ ಸಂಖ್ಯೆ 70000 ಸರಣಿಯವಕ್ಕೆ ಹೊರಗಿನ ಅಡಾಪ್ಟರ್, 8.5 ವೋಲ್ಟ್, 5.65 ಆಂಪಿಯರ್. ಪೇಟೆಯ ನಕಲಿಯಲ್ಲಿ ವೋಲ್ಟು ಸರಿಯಿದ್ದರೂ ಆಂಪಿಯರ್ ಇರುವುದಿಲ್ಲ, ಸೀಡಿಯ ಮೋಟರು ವೇಗ ಹಿಡಿಯುವಾಗ ಕುಸಿಯುತ್ತದೆ. 90000 ಸರಣಿಯದಕ್ಕೆ ಅಡಾಪ್ಟರ್ ಒಳಗೇ ಇದೆ, ರೇಡಿಯೊಗೆ ಹಾಕುವಂಥ ಎರಡು ತೂತಿನ ವೈರು ಸಾಕು. ಕೊಳ್ಳುವಾಗ ಇದನ್ನೇ ಆರಿಸಿಕೊಳ್ಳಿ ಎಂಬುದು ನಮ್ಮ ಸಲಹೆ. ಮೆಮೊರಿ ಕಾರ್ಡ್ ಅಸಲಿಯದು 8 ಎಂಬಿ. 64, 128 ಎಂದು ಬರೆದ ಅಗ್ಗದ ಕಾರ್ಡು ಉಳಿಸಿದ ಆಟವನ್ನು ನುಂಗಿ ಕೂರುತ್ತದೆ, ಮಕ್ಕಳು ಅಳುತ್ತಾರೆ. ಕಾರ್ಡನ್ನು ಮೊದಲನೆಯ ಕಿಂಡಿಗೇ ಹಾಕಿ.

ಹೊಸ ಎಲ್‌ಇಡಿ ಟಿವಿಗೆ ಜೋಡಿಸುವಲ್ಲಿ ಎಡವುವವರೂ ಬಹಳ. ಹಳದಿ, ಬಿಳಿ, ಕೆಂಪು ಪಿನ್ನು ಚುಚ್ಚುವ ಜಾಗವೇ ಟಿವಿಯಲ್ಲಿ ಇಲ್ಲದಿದ್ದರೆ ಎವಿಯಿಂದ (ಈ ಮೂರು ಬಣ್ಣದ ವೈರಿನಿಂದ) ಎಚ್‌ಡಿಎಂಐಗೆ ತಿರುಗಿಸುವ ಪೆಟ್ಟಿಗೆ ಬೇಕು. ಎಚ್‌ಡಿಎಂಐಯಿಂದ ಎವಿಗೆ ತಿರುಗಿಸುವ ಪೆಟ್ಟಿಗೆಯೂ ಅದೇ ಬಿಳಿ ಬಣ್ಣ, ಅದೇ ಗಾತ್ರ, ಕೆಲಸ ಮಾತ್ರ ತಿರುಗಮುರುಗ. ಮೂರು ಬಣ್ಣದ ತೂತಿನ ಬಳಿ 'ಇನ್‌ಪುಟ್' ಎಂದು ಬರೆದಿರಬೇಕು. ಅದಕ್ಕೆ ಯುಎಸ್‌ಬಿಯಿಂದ 5 ವೋಲ್ಟ್ ಕೊಡದಿದ್ದರೆ ಪರದೆ ಕಪ್ಪಾಗೇ ಇರುತ್ತದೆ. ಕೆಲವು ಟಿವಿಯಲ್ಲಿ ಇಯರ್‌ಫೋನಿನಂಥ ಒಂದೇ ತೂತಿಗೆ ಮೂರು ಬಣ್ಣದ ವೈರು ಸೇರುತ್ತದೆ. ಕಂಪನಿಯಿಂದ ಕಂಪನಿಗೆ ಅದರ ಪಿನ್ನಿನ ಕ್ರಮ ಬೇರೆ, ಚಿತ್ರ ಬರದೆ ಗುಂಯ್ ಎಂದರೆ ಹಳದಿಯನ್ನು ಕೆಂಪು, ಬಿಳಿ ಜಾಗಕ್ಕೆ ಬದಲಿಸಿ ನೋಡಿ. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಅದು ಪ್ರದೇಶದ ಗಲಾಟೆ, ಅಮೆರಿಕದ ಸಂಕೇತ ಪಾಲ್ ಟಿವಿಗೆ ಬಂದಿದೆ. ಎಲ್‌ಇಡಿ ಟಿವಿಯ ಮೆನುವಿನಲ್ಲಿ 'ಗೇಮ್ ಮೋಡ್' ಹಾಕಿ. ಹಾಕದಿದ್ದರೆ ಗುಂಡಿ ಒತ್ತಿದ ಮೇಲೆ ನಾಯಕ ಯೋಚಿಸಿ ಯೋಚಿಸಿ ಹಾರುತ್ತಾನೆ.

ಪಿಎಸ್‌ಪಿಯ ಬಗ್ಗೆ ಎರಡು ಮಾತು ಸಾಕು. ಅದರ ಆಟಗಳಿಗೆ ಪ್ರದೇಶದ ಬೇಲಿ ಇಲ್ಲ, ಎಲ್ಲಿಯ ತಟ್ಟೆಯಾದರೂ ಓಡುತ್ತದೆ. ಯಂತ್ರದಲ್ಲೇ ಆಟ ಕೊಳ್ಳುವ ಆನ್‌ಲೈನ್ ಅಂಗಡಿಯನ್ನು ಸೋನಿ 2021ರ ಜುಲೈಯಲ್ಲಿ ಮುಚ್ಚಿತು, ಹೀಗಾಗಿ ಬಹುತೇಕರಿಗೆ ಹಳೆಯ ತಟ್ಟೆಯೇ ಗತಿ. ಬ್ಯಾಟರಿ ಮುಚ್ಚಳ ಉಬ್ಬಿದ್ದರೆ ಒಳಗಿನ ಬ್ಯಾಟರಿ ಊದಿದೆ. ಚುಚ್ಚಬೇಡಿ, ಚಾರ್ಜಿಗೆ ಹಾಕಬೇಡಿ, ಮನೆ ಕಸಕ್ಕೂ ಎಸೆಯಬೇಡಿ.

ಫೋನಿನಲ್ಲಿ ಆಡುವವರಿಗೆ ಬೇರೆ ಬಲೆ. 'ಬೆನ್ ಟೆನ್ ಪೂರ್ತಿ ಆಟ, ಬರೀ 20 ಎಂಬಿ' ಎಂಬ ಕೊಂಡಿ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಪಿಎಸ್‌ಪಿಯ ಒಂದು ತಟ್ಟೆಯಲ್ಲಿ ಹಿಡಿಯುವುದು 1.8 ಜಿಬಿವರೆಗೆ, ಅದು 20 ಎಂಬಿಗೆ ಇಳಿಯುವ ಮಾತಿಲ್ಲ. ಬಂದದ್ದು ಎಪಿಕೆ (ಫೋನಿಗೆ ನೇರವಾಗಿ ಆ್ಯಪ್ ಹಾಕುವ) ಕಡತವಾಗಿದ್ದು ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಅದರ ಕಣ್ಣು ಇರುವುದು ನಿಮ್ಮ ಬ್ಯಾಂಕಿನ ಒಟಿಪಿ ಮೇಲೆ. ಪಿಪಿಎಸ್‌ಎಸ್‌ಪಿಪಿ ಎಂಬ ಎಮ್ಯುಲೇಟರ್, ಅಂದರೆ ಪಿಎಸ್‌ಪಿಯ ಆಟವನ್ನು ಫೋನಿನಲ್ಲಿ ಓಡಿಸುವ ಆ್ಯಪ್, ಪ್ಲೇ ಸ್ಟೋರಿನಲ್ಲೇ ಇದೆ, 2012ರಿಂದ ಇರುವ ಸಾಚಾ ತಂತ್ರಾಂಶ. ಅದರ ಜತೆ ಆಟ ಬರುವುದಿಲ್ಲ. ನೀವು ಕೊಂಡ ತಟ್ಟೆಯಿಂದ ತೆಗೆದುಕೊಂಡ ಪ್ರತಿಯನ್ನು ಅದಕ್ಕೆ ಕೊಡಬೇಕು, ಕಂಡಲ್ಲಿಂದ ಇಳಿಸಿಕೊಂಡದ್ದು ಕಳ್ಳಮಾಲು. ಇನ್ನು ಪ್ಲೇ ಸ್ಟೋರಿನ ಪುಕ್ಕಟೆ ಆಟಗಳಲ್ಲಿ ಹೆಸರಿನ ಕೆಳಗಿರುವ ಪ್ರಕಾಶಕರ ಹೆಸರು ಓದಿ, ಧಾರಾವಾಹಿಯ ಹಕ್ಕುದಾರರಿಗೂ ಅದಕ್ಕೂ ಸಂಬಂಧವಿದೆಯೇ ನೋಡಿ. 'ಆ್ಯಪ್ ಒಳಗೆ ಖರೀದಿ' ಎಂದಿದ್ದರೆ, ಬಲತುದಿಯ ನಿಮ್ಮ ಚಿತ್ರ ಒತ್ತಿ, ಸೆಟ್ಟಿಂಗ್ಸ್‌ಗೆ ಹೋಗಿ, ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಮಾಡಿದ ಮೇಲೆ ಫೋನನ್ನು ಮಗುವಿನ ಕೈಗೆ ಕೊಡಿ. ಕಾರ್ಟೂನ್ ಎಂದ ಮಾತ್ರಕ್ಕೆ ಮಕ್ಕಳದು ಎಂದುಕೊಳ್ಳಲೂ ಬೇಡಿ. 2021ರಲ್ಲಿ ಶುರುವಾದ 'ಇನ್‌ವಿನ್ಸಿಬಲ್' ಕಾರ್ಟೂನೇ, ಸೂಪರ್‌ಹೀರೊ ಕಥೆಯೇ, ರಕ್ತದ ಹೊಳೆ ಹರಿಯುತ್ತದೆ. ಅದರ ಹೆಸರಿನ ಫೋನ್ ಆಟವೂ 2024ರಲ್ಲಿ ಬಂದಿದೆ. ಪ್ಲೇ ಸ್ಟೋರಿನ 3, 7, 12, 16, 18 ಎಂಬ ಗುರುತು ಇರುವುದು ಇದಕ್ಕೇ.

ರಿಪೇರಿ ಜಂಜಾಟವೇ ಬೇಡ ಎನ್ನುವವರಿಗೆ ದಾರಿಯಿಲ್ಲದೆ ಇಲ್ಲ. ಹಕ್ಕಿನ ಅವಧಿ ಮುಗಿದ ಆಟಗಳು ಆನ್‌ಲೈನ್ ಅಂಗಡಿಯಿಂದ ಮಾಯವಾಗುತ್ತವೆ. 2014ರ ಶುರುವಿನಲ್ಲಿ ಆಕ್ಟಿವಿಷನ್ ತಂದಿದ್ದ ಕೆಲವು ಮಾರ್ವೆಲ್ ಆಟಗಳಿಗೆ ಆದದ್ದು ಹಾಗೆ. ಆದರೆ ಕೆಲವು ಹೊಸ ಹಕ್ಕಿನೊಂದಿಗೆ ಮರಳಿವೆ. ಕೊನಾಮಿ 2022ರಲ್ಲಿ ನಿಂಜಾ ಆಮೆಗಳ 13 ಹಳೆಯ ಆಟಗಳನ್ನು 'ಕೌಬಂಗಾ ಕಲೆಕ್ಷನ್' ಎಂದು ಒಟ್ಟಿಗೆ ಕೊಟ್ಟಿತು. 1994ರ 'ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆಟಂ', ಅಂದರೆ ಕಾರ್ಟೂನಿನ ಧ್ವನಿ ಕಲಾವಿದರು ಕೆಲವರು ಅದೇ ಪಾತ್ರಗಳಿಗೆ ದನಿ ಕೊಟ್ಟ ಆಟ, ಕ್ಯಾಪ್ಕಾಮ್‌ನ 2024ರ ಸಂಗ್ರಹದಲ್ಲಿದೆ. ಬೆನ್ ಟೆನ್‌ಗೇ ಅಂಟಿಕೊಂಡವರಿಗೆ 2020ರ 'ಪವರ್ ಟ್ರಿಪ್' ಇದೆ, ಪಿಎಸ್4ನಲ್ಲಿ ಪರದೆ ಸೀಳಿಕೊಂಡು ಇಬ್ಬರು ಆಡಬಹುದು.

ಪತ್ರಿಕೆಗೂ ಒಂದು ಮಾತು. ಹಬ್ಬದ ಪುರವಣಿಯಲ್ಲಿ ಮಕ್ಕಳ ಉಡುಗೊರೆಯ ಪಟ್ಟಿ ಹಾಕುವಾಗ 'ಬೆನ್ ಟೆನ್ ಗೇಮ್' ಎಂದಷ್ಟೇ ಬರೆಯುವುದನ್ನು ಬಿಡಿ. ಆಟದ ಪೂರ್ತಿ ಹೆಸರು, ಯಂತ್ರ, ವರ್ಷ ಸೇರಿಸಿದರೆ ಒಂದೂವರೆ ಸಾಲು ಹೆಚ್ಚಾಗುತ್ತದೆ, ಅಷ್ಟೆ. ಕೊಳ್ಳುವವರು ಅಂಗಡಿಯಲ್ಲಿ ಇಪ್ಪತ್ತು ನಿಮಿಷ ಆಡಿಸಿ ನೋಡಬೇಕು; ಲೆನ್ಸ್ ಬಿಸಿಯಾದ ಮೇಲೆ, ನಡುವಿನ ಕಾರ್ಟೂನ್ ತುಣುಕು ಓಡುವಾಗಲೇ ಸುಸ್ತಾದ ಯಂತ್ರ ನಿಲ್ಲುವುದು. ಟಿವಿ ಇಲ್ಲ, ಮನೆಗೆ ಹೋಗಿ ನೋಡಿಕೊಳ್ಳಿ ಎಂದರೆ ಚೀಟಿಯಲ್ಲಿ ಏಳು ದಿನದೊಳಗೆ ವಾಪಸು ಎಂದು ಬರೆಸಿಕೊಳ್ಳಿ.

ದೂರು ಬರೆದ ಆ ಓದುಗರು ಸೀಡಿಯನ್ನು ಇನ್ನೂ ಎಸೆದಿಲ್ಲವಾದರೆ ತಟ್ಟೆಯ ಮೇಲಿನ ಕೋಡ್ ನೋಡಲಿ. ಎಸ್‌ಎಲ್‌ಯುಎಸ್ ಎಂದಿದ್ದರೆ ಯಂತ್ರ ಬಿಚ್ಚಿಸುವುದು ಬೇಡ, ಅಂಗಡಿಗೆ ಹೋಗಿ ಸೀಡಿ ಬದಲಿಸಿಕೊಳ್ಳಲಿ. ಎಸ್‌ಎಲ್‌ಇಎಸ್ ಎಂದಿದ್ದರೆ ಎರಡು ಹನಿ ಆಲ್ಕೋಹಾಲ್, ಒಂದು ಹತ್ತಿ ಕಡ್ಡಿ. ಕೋಡೇ ಇಲ್ಲ, ತಳ ನೇರಳೆ ಹೊಡೆಯುತ್ತಿದೆ ಎಂದರೆ ಅದು ಯಾರೋ ಮನೆಯಲ್ಲಿ ಬರೆದ ನಕಲು, ಅದಕ್ಕೆ ನಮ್ಮ ಬಳಿಯೂ ಮದ್ದಿಲ್ಲ.

— ಹಳೆಯ ಗೇಮ್ ಯಂತ್ರಗಳ ರಿಪೇರಿಗಾರರು, ತುಮಕೂರು